ಅಳತೆ ಕೊಡಲು ಅವಳೇ ಬರಬೇಕು

ಮೊನ್ನೆ ದೇವನಹಳ್ಳಿಯಿಂದ ಬರುವಾಗ ಬಸ್ಸಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪಕ್ಕಕ್ಕೆ ಬಂದು ಕುಳಿತಳು. ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ. ನಾನು ಹಿಂದೆ ಟೀಚರಾಗಿದ್ದ ವಿಜಯಪುರದ ಸುದ್ದಿಯನ್ನೆಲ್ಲ ಒಂದೇ ಉಸಿರಿಗೆ ಹೇಳತೊಡಗಿದಳು. ರೇಷ್ಮೆ ಗೂಡಿನ ರೇಟು ಬಿದ್ದದ್ದು, ಶಾಲೆಗೆ ಹೊಸ ಹೆಡ್‌ಮೇಷ್ಟ್ರು ಬಂದದ್ದು, ಯಾರದೋ ಮದುವೆ ಮುರಿದದ್ದು. ಅದೇ ಧಾಟಿಯಲ್ಲಿ, "ಮಿಷನ್ ಬೂಬಮ್ಮ ಹೋಗ್ಬಿಟ್ರಲ್ಲ ಟೀಚರ್, ರಂಜಾನ್ ತಿಂಗಳಲ್ಲಿ" ಎಂದು ಮಗುವಿನ ಮೂಗು ಒರೆಸಿದಳು. ರಂಜಾನ್ ಮುಗಿದು ಎಷ್ಟೋ ದಿನಗಳಾಗಿದ್ದವು. ಒಂದು ಮಾತು ನನಗೆ ತಿಳಿಸುವವರು ಆ ಊರಿನಲ್ಲಿ ಯಾರೂ ಇರಲಿಲ್ಲವೇ ಎಂದು ಸಿಟ್ಟೂ ಬಂತು. ನಾನು ಇಳಿಯಬೇಕಾದ ಸ್ಟಾಪು ಬಂದು ಹೋದದ್ದೂ ಗೊತ್ತಾಗಲಿಲ್ಲ.

ಬದುಕಿದ್ದಾಗಲೂ ಅಷ್ಟೇ. ಆ ಹೆಂಗಸು ನನ್ನನ್ನು ದಂಗುಬಡಿಸಿದಷ್ಟು ಇನ್ನಾರೂ ದಂಗುಬಡಿಸಿಲ್ಲ. ನಾನೇನು ಸುಲಭಕ್ಕೆ ಬೆಚ್ಚುವವಳಲ್ಲ. ಲೆಕ್ಕದ ಟೀಚರು. ಯಾವ ಹುಡುಗಿ ಮನೆಗೆಲಸ ಮಾಡಿಲ್ಲ ಎಂಬುದನ್ನು ಅವಳು ಬಾಗಿಲಲ್ಲಿ ಕಾಲಿಡುವ ರೀತಿ ನೋಡಿಯೇ ಹೇಳುವವಳು ಎಂದು ನನಗೆ ನಾನೇ ಹೆಮ್ಮೆಪಟ್ಟುಕೊಂಡಿದ್ದೆ. ಆದರೆ ಈ ಒಬ್ಬರ ಬಾಗಿಲಿಗೆ ಹೋದಾಗ ಮಾತ್ರ ನಾನು ಅಂದುಕೊಂಡದ್ದು ಒಂದು, ಅಲ್ಲಿರುತ್ತಿದ್ದದ್ದು ಇನ್ನೊಂದು.

ಅವರಿಗೆ ಒಳ್ಳೆಯ ಹೆಸರೇ ಇತ್ತು. ನನಗೂ ಅದು ಗೊತ್ತಿತ್ತು. ಆದರೆ ಊರಿನಲ್ಲಿ ಅವರನ್ನು ಹಾಗೆ ಕರೆದವರನ್ನು ನಾನು ಕಾಣೆ. ಹೊಲಿಗೆ ಮಿಷನ್ ಇಟ್ಟುಕೊಂಡಿದ್ದರಿಂದ ಅವರು ಮಿಷನ್ ಬೂಬಮ್ಮ. ಎತ್ತರದ ಹೆಂಗಸು. ನಡೆದರೆ ಗಂಡಸರೂ ಹಿಂದೆ ಬೀಳಬೇಕು. ತಲೆಯ ಮೇಲೆ ಸದಾ ಸೆರಗು, ಬಾಯಲ್ಲಿ ಎಲೆಯಡಿಕೆ, ಕೊರಳಲ್ಲಿ ಹಾರದಂತೆ ಇಳಿಬಿದ್ದ ಅಳತೆಯ ಟೇಪು. ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ನಕ್ಕಾಗ ಅದು ಕಾಣುತ್ತಿತ್ತು, ಮತ್ತು ಅವರು ಧಾರಾಳವಾಗಿ ನಗುತ್ತಿದ್ದರು.

ಅರವತ್ತರ ದಶಕದ ನಡುವೆ ನನಗೆ ವಿಜಯಪುರದ ಹೆಣ್ಣುಮಕ್ಕಳ ಶಾಲೆಗೆ ವರ್ಗವಾಯಿತು. ಗಂಡನ ಊರು ಕುಂದಾಣ. ಅವರಿಗೆ ದೇವನಹಳ್ಳಿಯ ಕಚೇರಿಯಲ್ಲಿ ಕೆಲಸ. ಮನೆ ಸಿಕ್ಕಿದ್ದು ರೇಷ್ಮೆ ಬಿಚ್ಚುವವರ ಬೀದಿಯ ತುದಿಯಲ್ಲಿ. ಬೆಂದ ಹುಳುವಿನ ವಾಸನೆಗೆ ಮೊದಲ ವಾರ ಊಟ ಸೇರಲಿಲ್ಲ. ಆಮೇಲೆ ಅದಿಲ್ಲದಿದ್ದರೆ ಊರೇ ಅಲ್ಲ ಅನ್ನಿಸುವಷ್ಟು ಒಗ್ಗಿಹೋಯಿತು. ನಮ್ಮ ಹಿತ್ತಿಲ ಗೋಡೆಯ ಆಚೆಗೇ ಬೂಬಮ್ಮನ ಮನೆ. ಬೆಳಿಗ್ಗೆ ನಾನು ಒಲೆ ಹಚ್ಚುವ ಹೊತ್ತಿಗೆ ಅವರ ಮಿಷನ್ ಸದ್ದು ಶುರುವಾಗುತ್ತಿತ್ತು. ವಿಧವೆ. ಮನೆಯಲ್ಲಿ ಮುದುಕಿ ಅತ್ತೆ, ಒಬ್ಬಳೇ ಮಗಳು ನಸೀಮಾ. ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಅವರ ಅಣ್ಣನ ಮಹಡಿ ಮನೆ. ಅಣ್ಣ ನೂಲು ಹುರಿ ಮಾಡುವ ಮಿಷನ್‌ಗಳನ್ನು ಹಾಕಿ ಮೇಲೆ ಬಂದ ಮನುಷ್ಯ.

ಮೊದಲ ಸಲ ರವಿಕೆ ಹೊಲಿಸಲು ಹೋದಾಗಲೇ ಬೆಚ್ಚಿದೆ. ಗೋಡೆಯ ಮೊಳೆಗಳಿಗೆಲ್ಲ ಕಪ್ಪು ಬುರ್ಖಾಗಳು ನೇತಾಡುತ್ತಿದ್ದವು. ಕೆಳಗಿನ ನಿಲುವಂಗಿ, ಅದರ ಮೇಲೆ ತಲೆಯಿಂದ ಸೊಂಟದವರೆಗೆ ಬರುವ ಹೊದಿಕೆ, ಮುಖದ ಮೇಲೆ ಇಳಿಬಿಡಲು ತೆಳುವಾದ ಪರದೆ. ಊರಿಗೆಲ್ಲ ಬುರ್ಖಾ ಹೊಲಿಯುವವರು ಇವರೊಬ್ಬರೇ. ಅದೇ ಹೆಂಗಸು ಅರ್ಧ ಗಂಟೆಯ ಹಿಂದೆ ಸಂತೆ ಬೀದಿಯಲ್ಲಿ ತೆರೆದ ಮುಖದಲ್ಲೇ ನಿಂತು ದಾರದ ಅಂಗಡಿಯವನ ಜೊತೆ ಜಗಳವಾಡುತ್ತಿದ್ದದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಇದೇನು ಎಂದು ಕೇಳಿಯೂಬಿಟ್ಟೆ. ಸಿಹಿ ಅಂಗಡಿಯವನು ದಿನಾ ಲಾಡು ತಿಂತಾನಾ ಟೀಚರಮ್ಮ ಎಂದು ನಗಾಡಿ, ಕೈ ಎತ್ತಿ ಎಂದು ಹೇಳಿ ನನ್ನ ಅಳತೆ ತೆಗೆದುಕೊಂಡರು.

ಮುಸಲ್ಮಾನರ ಮನೆ ಎಂದರೆ ಎಲ್ಲ ಹೆಂಗಸರಿಗೂ ಬುರ್ಖಾ ಎಂದು ತಿಳಿದಿದ್ದವಳು ನಾನು. ಆ ಬೀದಿಗೆ ಬಂದ ಮೇಲೆ ಗೊತ್ತಾಯಿತು, ಅಲ್ಲಿ ಅರ್ಧಕ್ಕರ್ಧ ಹೆಂಗಸರಿಗೆ ಅದಿರಲಿಲ್ಲ. ಬೆಳಗಿನಿಂದ ಕತ್ತಲವರೆಗೆ ಕುದಿಯುವ ನೀರಿನಲ್ಲಿ ಕೈಯಿಟ್ಟು ಗೂಡಿನ ಎಳೆ ಹಿಡಿಯುವವರಿಗೆ ತಲೆಯ ಮೇಲಿನ ಸೆರಗೇ ಪರದೆ. ಬೂಬಮ್ಮನ ಅತ್ತೆಯೂ ಹಾಗೆಯೇ ಬದುಕಿದವರು. ತಮ್ಮ ಕಾಲದಲ್ಲಿ ಬುರ್ಖಾ ಎಂದರೆ ಬೆಂಗಳೂರಿನ ದೊಡ್ಡ ಮನೆಯವರ ಉಡುಪು, ಮೈ ಮುಚ್ಚಿ ಮರ್ಯಾದೆಯಿಂದ ಇದ್ದರೆ ಸಾಕಾಗಿತ್ತು ಎನ್ನುತ್ತಿದ್ದರು. ಕೈ ಚರಕದಲ್ಲಿ ರೇಷ್ಮೆ ಬಿಚ್ಚುತ್ತಿದ್ದ ಮನೆಯವರು ನೂಲಿನ ಮಿಷನ್ ಹಾಕಿ ಕೈಗೆ ನಾಲ್ಕು ಕಾಸು ಬಂದ ಕೂಡಲೇ ಆ ಮನೆಯ ಹೆಂಗಸರಿಗೆ ಬುರ್ಖಾ ಬರುತ್ತಿತ್ತು. ಕೆಲವರಿಗೆ ಅದು ದೇವರ ಮಾತು, ಕೆಲವರಿಗೆ ಅಂತಸ್ತು, ಕೆಲವರಿಗೆ ಎರಡೂ. ಬೂಬಮ್ಮನ ಅಣ್ಣನಿಗೆ ಎರಡೂ ಇತ್ತು ಅನ್ನಿಸುತ್ತದೆ.

ಹಲ್ಲು ಮುರಿದ ಕತೆ ಕೇಳಿದ ದಿನವೂ ನಾನು ದಂಗಾಗಿದ್ದೆ. ಗಂಡ ಬದುಕಿದ್ದಾಗ ಬೂಬಮ್ಮನೂ ಬುರ್ಖಾ ಹಾಕುತ್ತಿದ್ದರಂತೆ. ಮದುವೆಗೆ ಅಣ್ಣನೇ ಬೆಂಗಳೂರಿನಿಂದ ಹೊಲಿಸಿ ತಂದದ್ದು. ತಂಗಿಯ ಎತ್ತರ ಇಷ್ಟಿರಬಹುದು ಎಂದು ಕೈಯಲ್ಲೇ ತೋರಿಸಿ ಹೊಲಿಸಿದ್ದು. ಉದ್ದ ಜಾಸ್ತಿಯಾಗಿ, ಬಸ್ಸು ಹತ್ತುವಾಗ ಕಾಲಿಗೆ ಸಿಕ್ಕಿ, ಮುಖ ಮೆಟ್ಟಿಲಿಗೆ ಬಡಿದು ಬಾಯಿ ತುಂಬ ರಕ್ತ. ಪರದೆ ಎತ್ತಿ ರಕ್ತ ಒರೆಸಲು ಹೋದರೆ, ಜನ ನೋಡುತ್ತಾರೆ, ಮುಚ್ಚು ಎಂದು ಅಣ್ಣ ಗದರಿದನಂತೆ. ಗಂಡ ತೀರಿಕೊಂಡು, ಹೆಂಗಸು ಮನೆಯೊಳಗೇ ಇರಬೇಕಾದ ದಿನಗಳೆಲ್ಲ ಮುಗಿದ ಮೇಲೆ, ಬೂಬಮ್ಮ ಬರೀ ಸೆರಗು ಹೊದ್ದು ಬೀದಿಗೆ ಬಂದರು. ಊರು ಬಾಯಿಬಿಟ್ಟುಕೊಂಡು ನೋಡಿತು. "ಈ ಹಲ್ಲು ನಮ್ಮಣ್ಣನ ಉಡುಗೊರೆ ಟೀಚರಮ್ಮ" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ಅವರ ಬಗ್ಗೆ ಊರಿನಲ್ಲಿ ಒಂದೇ ದೂರು. ಬುರ್ಖಾ ಹೊಲಿಯಲು ಕೊಟ್ಟರೆ ಯಾವಾಗ ಸಿಗುತ್ತದೆ ಎಂದು ಹೇಳುವ ಹಾಗಿಲ್ಲ. ಕೆಲವರಿಗೆ ಎರಡೇ ದಿನದಲ್ಲಿ ಸಿಗುತ್ತಿತ್ತು. ಕೆಲವರು ತಿಂಗಳುಗಟ್ಟಲೆ ಅಲೆಯುತ್ತಿದ್ದರು. ಮಿಷನ್ನಿನ ಪಟ್ಟಿ ಕಿತ್ತುಹೋಗಿದೆ, ಒಳ್ಳೆಯ ಕರಿ ದಾರ ಬಂದಿಲ್ಲ, ಕಣ್ಣು ನೋವು, ಸೂಜಿ ಮುರಿದಿದೆ, ಅತ್ತೆಗೆ ಹುಷಾರಿಲ್ಲ. ಗಂಡಸರು ಬಾಗಿಲಲ್ಲಿ ನಿಂತು ಕೂಗಾಡುವುದು ನನ್ನ ಅಡುಗೆಮನೆಗೆ ಕೇಳುತ್ತಿತ್ತು. ತಮಾಷೆಯೆಂದರೆ, ಪಟ್ಟಿ ಕಿತ್ತುಹೋಗಿದೆ ಎಂದು ಅವರು ಹೇಳುತ್ತಿದ್ದ ದಿನವೇ ಮಧ್ಯಾಹ್ನ ನನ್ನ ರವಿಕೆ ಹೊಲಿದು ಗೋಡೆಯ ಮೇಲಿಂದ ಕೊಡುತ್ತಿದ್ದರು. ನನ್ನಂಥವಳಿಗೆ ಇದು ಸಹಿಸುವ ವಿಷಯವಲ್ಲ. ಹೇಳಿದ ಹೊತ್ತಿಗೆ ಕೆಲಸ ಆಗದಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಒಂದು ದಿನ ಒಬ್ಬ ಬಡಪಾಯಿ ಮುದುಕ, ಸೊಸೆಗೆ ಹಬ್ಬಕ್ಕೆ ಬೇಕು ಎಂದು ಬೇಡಿಕೊಂಡು ಬರಿಗೈಯಲ್ಲಿ ಹೋದ. ನಾನು ತಡೆಯಲಾರದೆ ಹಿತ್ತಿಲ ಬಾಗಿಲಿನಿಂದ ಹೋಗಿ ಚೆನ್ನಾಗಿ ಬೈದೆ. ಕೈಲಾಗದಿದ್ದರೆ ಬಟ್ಟೆ ಯಾಕೆ ಇಸ್ಕೋತೀರಿ, ಜನರನ್ನು ಯಾಕೆ ಅಲೆಸ್ತೀರಿ ಎಂದೆಲ್ಲ. ಅವರು ಎದ್ದು ಬೀದಿ ಬಾಗಿಲು ಮುಂದೆ ಮಾಡಿದರು. ಎಲೆಯಡಿಕೆ ಉಗಿದು ಬಂದು ಕುಳಿತರು. ನಿಧಾನವಾಗಿ ಹೇಳಿದರು.

"ಅಳತೆ ನಾನು ಗಂಡಸರ ಹತ್ರ ಇಸ್ಕೊಳ್ಳಲ್ಲ ಟೀಚರಮ್ಮ. ಹಾಕ್ಕೊಳ್ಳೋಳೇ ಬರ್ಬೇಕು, ಒಬ್ಳೇ ಬರ್ಬೇಕು. ಬಾಗ್ಲು ಹಾಕಿ, ಟೇಪು ಹಿಡ್ಕೊಂಡು, ಕಿವೀಲಿ ಒಂದೇ ಮಾತು ಕೇಳ್ತೀನಿ, ನಿಂಗೆ ಬೇಕಾ ಅಂತ. ಬೇಕು ಅಂದ್ರೆ ಮಾರನೇ ದಿನವೇ ಹೊಲ್ದು ಕೊಡ್ತೀನಿ. ಬೇಡ ಅಂದ್ರೆ ನನ್ನ ಮಿಷನ್ ಕೆಟ್ಟೋಗುತ್ತೆ."

ನಾನು ಹಾಗೆಯೇ ಕುಳಿತುಬಿಟ್ಟೆ. ಊರಿನ ಗಂಡಸರೆಲ್ಲ ಯಾರನ್ನು ಸೋಮಾರಿ ಎಂದು ಶಪಿಸುತ್ತಿದ್ದರೋ ಆ ಹೆಂಗಸು ಅಷ್ಟು ವರ್ಷ ಬೇಕೆಂದೇ ಸೋಮಾರಿಯಾಗಿದ್ದರು. ಇದರಿಂದ ಏನಾಗುತ್ತದೆ, ಅವರು ಬೆಂಗಳೂರಿನಿಂದ ತರಿಸುವುದಿಲ್ಲವೇ ಎಂದೆ. ತರಿಸುತ್ತಾರೆ, ಕೆಲವರು ತರಿಸುತ್ತಾರೆ ಎಂದು ಒಪ್ಪಿಕೊಂಡರು. ಆದರೆ ಎಷ್ಟೋ ಮನೆಯಲ್ಲಿ ತಡವಾದರೆ ಗಂಡಸಿನ ಹಟ ಇಳಿಯುತ್ತದೆ, ಹಬ್ಬ ಕಳೆದುಹೋಗುತ್ತದೆ, ಇಲ್ಲವೇ ಹುಡುಗಿಗೇ ಮನಸ್ಸು ಬದಲಾಗಿ ಅವಳೇ ಬಂದು ಬೇಕು ಎನ್ನುತ್ತಾಳೆ. ಹಾಗೆ ಬಂದರೆ ತಮಗೆ ಸಂತೋಷವೇ ಎಂದರು.

ಬೇಕು ಎನ್ನುವವರೂ ಇರುತ್ತಾರಾ ಎಂದು ನಾನು ಕೇಳಿದ್ದು ಅವರಿಗೆ ಹಿಡಿಸಲಿಲ್ಲ. ಬೇಕು ಎನ್ನುವವರೇ ಹೆಚ್ಚು ಎಂದರು. ಒಬ್ಬಳು ಅದನ್ನು ಹಾಕಿಕೊಂಡರೆ ಅತ್ತೆಯ ಕಣ್ಣಿಗೆ ಬೀಳದೆ ಟೆಂಟಿಗೆ ಹೋಗಿ ಸಿನಿಮಾ ನೋಡಿಬರುತ್ತಿದ್ದಳು. ಇನ್ನೊಬ್ಬಳಿಗೆ ಒಳಗಿನ ಹರಿದ ಸೀರೆ ಕಾಣದಿರುವುದೇ ದೊಡ್ಡ ನೆಮ್ಮದಿ. ಮತ್ತೊಬ್ಬಳು, ದೇವರಿಗಾಗಿ ಇಷ್ಟೂ ಮಾಡದಿದ್ದರೆ ಹೇಗೆ ಎಂದಳಂತೆ. ಅವಳ ಮಾತಿಗೆ ತಲೆಬಾಗಿ ಅವತ್ತೇ ಹೊಲಿದುಕೊಟ್ಟೆ ಎಂದರು. ನೀವು ಮಾತ್ರ ಯಾಕೆ ಹಾಕುವುದಿಲ್ಲ ಎಂದೆ. ದಿನಕ್ಕೆ ಐದು ಹೊತ್ತು ನಮಾಜು ಬಿಡದ ಹೆಂಗಸು, ತಮಗೆ ಅದರೊಳಗೆ ಉಸಿರು ಕಟ್ಟುತ್ತದೆ ಎಂದರು. ಅಷ್ಟೇ. ದೊಡ್ಡ ವಾದವೇನನ್ನೂ ಹೂಡಲಿಲ್ಲ.

ನಾನು ಏಳುವಾಗ ನನಗೂ ಮಾತಿನ ಪೆಟ್ಟೊಂದು ಕೊಟ್ಟರು. ಕುಂದಾಣಕ್ಕೆ ಹೋಗುವಾಗ ನಾನು ಊರಬಾಗಿಲಲ್ಲೇ ತಲೆಗೆ ಸೆರಗು ಹೊದ್ದುಕೊಂಡು, ಮಾವನವರ ಎದುರು ಕಂಬದ ಹಿಂದೆ ನಿಲ್ಲುತ್ತಿದ್ದದ್ದನ್ನು ಯಾವಾಗಲೋ ನಾನೇ ಹೇಳಿಕೊಂಡಿದ್ದೆ. "ನಿಮ್ಮ ಅಳತೆ ಯಾರು ತಗೊಂಡ್ರು ಟೀಚರಮ್ಮ?" ಎಂದು ಕೇಳಿ ಮುರಿದ ಹಲ್ಲು ತೋರಿಸಿ ನಕ್ಕರು. ನನಗೆ ರೇಗಿತು. ಮನೆಗೆ ಬಂದು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಆ ರಾತ್ರಿ ನಮ್ಮವರು ಊಟ ಮಾಡಲಾಗದೆ ಮಜ್ಜಿಗೆ ಕುಡಿದು ಮಲಗಿದರು.

ಇನ್ನು ನಸೀಮಾ. ನನ್ನ ಕೈಯಲ್ಲೇ ಲೆಕ್ಕ ಕಲಿತ ಹುಡುಗಿ. ತಾಯಿಯ ಹಾಗೆ ಗಟ್ಟಿ ದನಿ ಇಲ್ಲ. ಏನನ್ನಾದರೂ ಕೇಳಿದರೆ ಮೊದಲು ನೆಲ ನೋಡಿ, ಯೋಚಿಸಿ, ಆಮೇಲೆ ಒಂದೇ ವಾಕ್ಯದಲ್ಲಿ ಉತ್ತರ ಹೇಳುತ್ತಿದ್ದಳು. ಆ ಉತ್ತರ ತಪ್ಪಿದ್ದು ನನಗೆ ನೆನಪಿಲ್ಲ. ತಾಯಿಯಂತೆಯೇ ಸೆರಗು, ದುಪಟ್ಟಾದಲ್ಲೇ ಶಾಲೆಗೆ ಬರುತ್ತಿದ್ದಳು. ಎಸ್ಸೆಸ್ಸೆಲ್ಸಿ ಪಾಸಾದಾಗ ಬೆಂಗಳೂರಿನಲ್ಲಿ ಟೀಚರ್ ಟ್ರೈನಿಂಗಿಗೆ ಸೇರಿಸಬೇಕೆಂದು ಬೂಬಮ್ಮ ಹಟ ಹಿಡಿದರು. ಅದು ಎಪ್ಪತ್ತರ ದಶಕದ ಆರಂಭ. ಬೀದಿಯ ಇನ್ನಿಬ್ಬರು ಹುಡುಗಿಯರೂ ಹೊರಟಿದ್ದರು. ಅವರಿಬ್ಬರಿಗೂ ಬುರ್ಖಾ ಇತ್ತು. ನಸೀಮಾಗೂ ಇರಲೇಬೇಕು, ಇಲ್ಲದಿದ್ದರೆ ಊರ ಗಡಿ ದಾಟಕೂಡದು ಎಂದು ಅವಳ ಮಾವ, ಅಂದರೆ ಬೂಬಮ್ಮನ ಅಣ್ಣ, ಪಟ್ಟು ಹಿಡಿದ. ಬೆಂಗಳೂರಿನಲ್ಲಿ ಅವಳು ಇಳಿದುಕೊಳ್ಳಬೇಕಾದದ್ದು ಅವನ ಬೀಗರ ಮನೆಯಲ್ಲಿ. ಅವನು ಒಪ್ಪದೆ ಏನೂ ನಡೆಯುವ ಹಾಗಿರಲಿಲ್ಲ.

ಆ ದಿನಗಳಲ್ಲಿ ಬೂಬಮ್ಮ ಸರಿಯಾಗಿ ಊಟ ಮಾಡಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ತಮ್ಮ ಬಾಯಿಂದ ಸುರಿದ ರಕ್ತದ ಮಾತನ್ನೇ ಮತ್ತೆ ಮತ್ತೆ ಎತ್ತುತ್ತಿದ್ದರು. ತನಗೆ ಆದದ್ದು ಮಗಳಿಗೆ ಆಗಬಾರದು. ಓದಬೇಕು, ಬುರ್ಖಾ ಇಲ್ಲದೆಯೇ ಓದಬೇಕು. ಎರಡರಲ್ಲಿ ಒಂದನ್ನು ಬಿಡು ಎಂದು ಅಣ್ಣ. ಎರಡೂ ಬಿಡಲ್ಲ ಎಂದು ತಂಗಿ. ಈ ಜಗಳವೆಲ್ಲ ನಡೆಯುವಾಗ ನಸೀಮಾ ಮೂಲೆಯಲ್ಲಿ ಕುಳಿತು ಬಟ್ಟೆಗೆ ಗುಂಡಿ ಹಾಕುತ್ತಿದ್ದಳು. ಅವಳ ಬಾಯಿಂದ ಒಂದು ಮಾತೂ ಬರಲಿಲ್ಲ.

ಕೊನೆಗೆ ಮಸೀದಿಯ ಗುರುಗಳಾದ ಹಜರತರನ್ನು ಅಣ್ಣನೇ ತನ್ನ ಮನೆಗೆ ಕರೆಸಿದ. ತನ್ನ ಪರವಾಗಿ ಹೇಳುತ್ತಾರೆ ಎಂದು ಅವನಿಗೆ ಧೈರ್ಯ. ಹಜರತರು ತುಂಬ ವಯಸ್ಸಾದವರು, ಮೆತ್ತಗೆ ಮಾತನಾಡುವವರು. ಅವತ್ತು ಒಳಮನೆಯಲ್ಲಿ ಪರದೆಯ ಹಿಂದೆ ಕುಳಿತು ಕೇಳಿದ್ದನ್ನು ಬೂಬಮ್ಮ ಆಮೇಲೆ ನನಗೆ ಚಾಚೂ ತಪ್ಪದೆ ಹೇಳಿದರು. ಅಣ್ಣ, ಮುಖ ಮುಚ್ಚಲೇಬೇಕು ಎಂದು ಬೆಂಗಳೂರಿನ ದೊಡ್ಡ ವಿದ್ವಾಂಸರು ಹೇಳಿದ್ದಾರೆ ಎಂದ. ಹಜರತರು, ಹೌದು, ಹಾಗೆ ಹೇಳುವವರಿದ್ದಾರೆ, ಅವರು ನನಗಿಂತ ಓದಿದವರು ಎಂದರು. ಮುಖ, ಮುಂಗೈ ತೆರೆದಿರಬಹುದು ಎಂದು ಹೇಳುವವರೂ ಅಷ್ಟೇ ಓದಿದವರು, ತಮಗೆ ಕಲಿಸಿದ ಗುರುಗಳು ಆ ಕಡೆಯವರು ಎಂದರು. ಆಮೇಲೆ ಅಣ್ಣನ ಮುಖವನ್ನೇ ನೋಡಿ, ಕಣ್ಣು ತಗ್ಗಿಸಿ ಎಂದು ದೇವರು ಮೊದಲು ಹೇಳಿರುವುದು ಗಂಡಸರಿಗೆ, ಅದನ್ನು ನಾವು ಎಷ್ಟು ಮಂದಿ ಮಾಡಿದ್ದೇವೆ ಎಂದು ಕೇಳಿದರಂತೆ. ಬಲವಂತವಾಗಿ ಒಬ್ಬಳ ತಲೆಗೆ ಬಟ್ಟೆ ಹಾಕಿಸಲು ತಮ್ಮನ್ನು ಕರೆಯಬೇಡಿ ಎಂದು ಎದ್ದು ಹೋದರಂತೆ. ಅಣ್ಣ ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ಬಂದು, ಹುಡುಗಿ ಹೇಗೆ ಬೇಕೋ ಹಾಗೆ ಹೋಗಲಿ, ಬೀಗರಿಗೆ ತಾನು ಹೇಳುತ್ತೇನೆ ಎಂದ. ಕೆಟ್ಟ ಮನುಷ್ಯನಲ್ಲ ಅವನು. ಮರ್ಯಾದೆ ಹೋಗುತ್ತದೆಂಬ ಹೆದರಿಕೆ, ಅಷ್ಟೇ.

ಬೂಬಮ್ಮ ಅವತ್ತು ಬೀದಿಗೆಲ್ಲ ಶಾವಿಗೆ ಪಾಯಸ ಹಂಚಿದರು. ಗೋಡೆಯ ಮೇಲಿಂದ ನನಗೂ ಒಂದು ತಂಬಿಗೆ ಬಂತು. ಗೆದ್ದ ಹುಂಜದ ಹಾಗೆ ಕತ್ತು ಎತ್ತಿಕೊಂಡು ಓಡಾಡುತ್ತಿದ್ದರು. ಅವರಿಗೆ ಸಿಕ್ಕ ಗೆಲುವು ನನ್ನದೇ ಅನ್ನಿಸಿ ನಾನೂ ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಅದೇ ವಾರದ ಕೊನೆಯಲ್ಲಿ ನಾನು ರವಿಕೆ ಇಸ್ಕೊಳ್ಳಲು ಹೋದೆ. ಬೂಬಮ್ಮ ಮಿಷನ್ ಮುಂದೆ ಸುಮ್ಮನೆ ಕುಳಿತಿದ್ದರು. ಕಾಲು ಪೆಡಲ್ಲಿನ ಮೇಲಿತ್ತು, ತುಳಿಯುತ್ತಿರಲಿಲ್ಲ. ಮುಖದಲ್ಲಿ ರಕ್ತವೇ ಇರಲಿಲ್ಲ. ಯಾರಿಗಾದರೂ ಏನಾದರೂ ಆಯಿತೇ ಎಂದು ಗಾಬರಿಯಿಂದ ಕೇಳಿದೆ. ಅವರು ಒಳಗಿನ ಕಡೆ ಕೈ ತೋರಿಸಿ, ನಸೀಮಾ ಬುರ್ಖಾ ಕೇಳ್ತಾ ಇದ್ದಾಳೆ ಎಂದರು. ನಾನು ಕೈಯಲ್ಲಿದ್ದ ಚೀಲ ಕೆಳಗಿಟ್ಟೆ. ಎಲ್ಲ ಮುಗಿದು, ಗೆದ್ದು, ಪಾಯಸ ಹಂಚಿದ ಮೇಲೆ! ಮಾವ ಹೆದರಿಸಿರಬೇಕು ಎಂದೆ. ತಾವೂ ಅವಳನ್ನು ಅದನ್ನೇ ಕೇಳಿದ್ದಾಗಿ, ಮಾವ ಈಗ ಏನೂ ಹೇಳುತ್ತಿಲ್ಲ ಎಂದು ಅವಳು ಅಂದದ್ದಾಗಿ ಬೂಬಮ್ಮ ಹೇಳಿದರು. ಹಾಗಾದರೆ ಆ ಇಬ್ಬರು ಹುಡುಗಿಯರು ತಲೆ ಕೆಡಿಸಿರಬೇಕು ಎಂದೆ. ಅದನ್ನೂ ಕೇಳಿ ಆಗಿತ್ತು. ತಾಯಿಯ ಹೃದಯ ಎಷ್ಟು ಕಾರಣ ಹುಡುಕಬಹುದೋ ಅಷ್ಟನ್ನೂ ಬೂಬಮ್ಮ ಹುಡುಕಿದ್ದರು.

ಅಲ್ಲಿಂದ ಮುಂದೆ ಗೋಡೆಯಾಚೆ ನಾನು ಕೇಳಿದ್ದನ್ನು ನಂಬುವುದಕ್ಕೇ ಆಗಲಿಲ್ಲ. ಇವತ್ತು ಕರಿ ಬಟ್ಟೆ ಒಳ್ಳೆಯದು ಸಿಕ್ಕಿಲ್ಲ. ನಾಳೆ ಮಿಷನ್ನಿನ ಪಟ್ಟಿ ಸಡಿಲವಾಗಿದೆ. ನಾಡಿದ್ದು ಕಣ್ಣು ನೋವು. ಊರ ಗಂಡಸರಿಗೆ ಅಷ್ಟು ವರ್ಷ ಹೇಳಿದ ನೆಪವನ್ನೆಲ್ಲ ಅದೇ ದನಿಯಲ್ಲಿ ಸ್ವಂತ ಮಗಳಿಗೆ ಹೇಳುತ್ತಿದ್ದರು. ಟ್ರೈನಿಂಗಿಗೆ ಹೋಗುವ ದಿನ ಹತ್ತಿರ ಬರುತ್ತಿತ್ತು. ಆ ದಿನ ದಾಟಿಬಿಟ್ಟರೆ ಮಗಳು ಬರೀ ಸೆರಗಿನಲ್ಲಿ ಹೋಗಲೇಬೇಕಾಗುತ್ತದೆ, ಒಮ್ಮೆ ಹೋದರೆ ಅಭ್ಯಾಸವಾಗುತ್ತದೆ ಎಂಬುದು ಅವರ ಲೆಕ್ಕ. ಒಳಗೊಳಗೇ ನನಗೂ ಅದು ಸರಿ ಎನ್ನಿಸಿತ್ತು.

ಹೊರಡಲು ಇನ್ನೇನು ಎರಡು ದಿನವಿದೆ ಎನ್ನುವಾಗ ನಾನು ಅವರ ಮನೆಯಲ್ಲಿದ್ದೆ. ನಸೀಮಾ ಒಳಗಿನಿಂದ ಬಂದಳು. ತಾಯಿಯ ಕೊರಳಿನಿಂದ ಟೇಪು ತೆಗೆದು ತಾಯಿಯ ಕೈಗೇ ಕೊಟ್ಟಳು. ಅವರಿಬ್ಬರೂ ಮನೆಯಲ್ಲಿ ಆಡುತ್ತಿದ್ದದ್ದು ಉರ್ದು. ಅವತ್ತು ಮಾತ್ರ ನನಗೂ ತಿಳಿಯಲಿ ಅಂತಲೋ ಏನೋ ಕನ್ನಡದಲ್ಲೇ ಹೇಳಿದಳು.

"ಅಮ್ಮೀ, ಎಲ್ರನ್ನೂ ಕೇಳ್ತೀಯ. ನನ್ನ ಯಾಕೆ ಕೇಳ್ಲಿಲ್ಲ?"

ಬೂಬಮ್ಮ ಟೇಪನ್ನು ಬೆರಳಿಗೆ ಸುತ್ತತೊಡಗಿದರು. ನಸೀಮಾ ಮುಂದುವರಿಸಿದಳು.

"ಮಾಮು ಹಾಕು ಅಂತಿದ್ದಾಗ ನಾನು ಬಾಯಿ ಬಿಡ್ಲಿಲ್ಲ. ಆಗ ಹೂಂ ಅಂದಿದ್ರೆ ಅದು ಅವರ ಮಾತಾಗ್ತಿತ್ತು. ಈಗ ಯಾರೂ ಹೇಳ್ತಿಲ್ಲ. ನಮಾಜಿಗೆ ನಿಂತಾಗ ನನಗೆ ಒಂದು ನೆಮ್ಮದಿ ಇರುತ್ತೆ ಅಮ್ಮೀ, ಅದು ಬೀದೀಲೂ ಬೇಕು ನಂಗೆ. ನಿಂಗೆ ಉಸಿರು ಕಟ್ಟುತ್ತೆ, ಸರಿ. ನಂಗೆ ಕಟ್ಟಲ್ಲ. ಬೇಡ ಅಂದೋರಿಗೆ ನಿನ್ನ ಮಿಷನ್ ಕೆಟ್ಟೋಗ್ತಿತ್ತು. ನಾನು ಬೇಕು ಅಂದ್ರೂ ಕೆಟ್ಟಿದೆಯಲ್ಲ. ಹಾಗಾದ್ರೆ ನಿಂಗೂ ಮಾಮೂಗೂ ಏನು ವ್ಯತ್ಯಾಸ?"

ನೆಲ ನೋಡಿಕೊಂಡು ಒಂದು ವಾಕ್ಯ ಹೇಳುತ್ತಿದ್ದ ಹುಡುಗಿ ಇಷ್ಟು ಮಾತನ್ನು ಎಷ್ಟು ದಿನದಿಂದ ಕೂಡಿಟ್ಟಿದ್ದಳೋ. ಬೂಬಮ್ಮನ ಮುಖ ನೋಡಲಾಗಲಿಲ್ಲ. ಯಾರೋ ಕೆನ್ನೆಗೆ ಹೊಡೆದಂತೆ ಒಂದು ಕ್ಷಣ ಮಗಳನ್ನೇ ನೋಡಿದರು. ಬೈಯುತ್ತಾರೆ ಅಂದುಕೊಂಡೆ, ಅಳುತ್ತಾರೆ ಅಂದುಕೊಂಡೆ. ಎರಡೂ ಮಾಡಲಿಲ್ಲ. ಎದ್ದು ಬೀದಿ ಬಾಗಿಲು ಹಾಕಿದರು. ನಾನು ಎದ್ದೆ, ಕೂತುಕೊಳ್ಳಿ ಎಂದು ಕೈಸನ್ನೆ ಮಾಡಿದರು. ಟೇಪು ಹಿಡಿದು ಮಗಳ ಭುಜದ ಮೇಲಿಟ್ಟು, ಕಿವಿಯ ಹತ್ತಿರ ಬಗ್ಗಿ ಕೇಳಿದರು. ಕೇಳಿದ್ದೇನೆಂದು ನನಗೆ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ಹುಡುಗಿ ತಲೆಯಾಡಿಸಿದಳು. ಬೂಬಮ್ಮ ಭುಜ, ತೋಳು, ಉದ್ದ ಎಲ್ಲವನ್ನೂ ಅಳೆದರು. ಕಾಲಿನ ಹತ್ತಿರ ಮಾತ್ರ ಎರಡೆರಡು ಸಲ ಅಳೆದರು. ಆಮೇಲೆ ಒಳಗಿನ ಪೆಟ್ಟಿಗೆಯಿಂದ ಕಪ್ಪು ಬಟ್ಟೆ ತೆಗೆದರು. ಒಳ್ಳೆಯ ಬಟ್ಟೆಯೇ, ಅಲ್ಲೇ ಇತ್ತು.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅದು ಸಿದ್ಧವಾಗಿತ್ತು. ಬೆಳಗಿನಿಂದ ಒಂದೇ ಸಮ ಮಿಷನ್ ಸದ್ದು. ನಡುವೆ ಒಮ್ಮೆ ಗೋಡೆಯ ಮೇಲಿಂದ ಇಣುಕಿ ಹೇಗಿದ್ದೀರಿ ಎಂದೆ. ಎದೆ ಒಡೆದುಹೋಗಿದೆ ಟೀಚರಮ್ಮ, ಆದ್ರೆ ಹೊಲಿಗೆ ಒಂದೂ ಸೊಟ್ಟ ಹೋಗ್ತಾ ಇಲ್ಲ ನೋಡಿ ಎಂದು ಬಟ್ಟೆ ಎತ್ತಿ ತೋರಿಸಿದರು.

ಹೊರಡುವ ದಿನ ಬಸ್ ನಿಲ್ದಾಣಕ್ಕೆ ನಾನೂ ಹೋದೆ. ಮೂವರು ಹುಡುಗಿಯರು, ಮೂರು ಪೆಟ್ಟಿಗೆ. ಬೂಬಮ್ಮ ಮಗಳಿಗೆ ಕಟ್ಟಿದ ಬುತ್ತಿಯ ಡಬ್ಬಿ ಹಿಡಿದುಕೊಂಡು ಬಾಳೆಹಣ್ಣು ತರಲು ಅಂಗಡಿಗೆ ಹೋದರು. ಅಷ್ಟರಲ್ಲಿ ಬೆಂಗಳೂರು ಬಸ್ಸು ಬಂತು. ಜನ ನುಗ್ಗಿದರು. ಹುಡುಗಿಯರು ಪರದೆ ಇಳಿಸಿಕೊಂಡು ಒತ್ತಟ್ಟಿಗೆ ನಿಂತರು. ಬೂಬಮ್ಮ ಓಡಿ ಬಂದವರು ಅವರಲ್ಲಿ ಒಬ್ಬಳ ಕೈಗೆ ಡಬ್ಬಿ ತುರುಕಿ, ಪರದೆಯ ಮೇಲಿಂದಲೇ ಕೆನ್ನೆ ಸವರಿ, ಹುಷಾರು ಮಗಳೇ, ಹೊತ್ತಿಗೆ ಸರಿಯಾಗಿ ಊಟ ಮಾಡು ಎಂದೆಲ್ಲ ಹೇಳತೊಡಗಿದರು. ಆ ಹುಡುಗಿ ಸಂಕೋಚದಿಂದ, "ಖಾಲಾ, ನಾನಲ್ಲ" ಎಂದಳು.

ಬೂಬಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು. ಒಬ್ಬಳಿಂದ ಇನ್ನೊಬ್ಬಳಿಗೆ ನೋಡಿದರು. ಮೂರೂ ಅವರೇ ಹೊಲಿದವು. ಒಂದೇ ಬಟ್ಟೆ, ಒಂದೇ ಕತ್ತರಿ, ಒಂದೇ ಎತ್ತರದ ಹುಡುಗಿಯರು. ಹೆತ್ತ ತಾಯಿ ನಡುಬೀದಿಯಲ್ಲಿ ನಿಂತು ತನ್ನ ಮಗಳು ಯಾರೆಂದು ಹುಡುಕುತ್ತಿದ್ದರು. ಕಂಡಕ್ಟರು ಸೀಟಿ ಊದುತ್ತಿದ್ದ.

ತುದಿಯಲ್ಲಿ ನಿಂತಿದ್ದವಳು ಪರದೆಯನ್ನು ಎರಡೂ ಕೈಯಿಂದ ಎತ್ತಿ ತಲೆಯ ಮೇಲೆ ಹಾಕಿಕೊಂಡಳು. ಬಸ್ಸು ತುಂಬ ಜನ, ನಿಲ್ದಾಣ ತುಂಬ ಜನ, ಎದುರಿಗೆ ಮಾವನೂ ನಿಂತಿದ್ದ. ನಸೀಮಾ ಯಾರನ್ನೂ ಲೆಕ್ಕಿಸದೆ ನಗುತ್ತಾ, "ಅಮ್ಮೀ, ಇಲ್ಲಿದ್ದೀನಿ" ಎಂದಳು. ತಾಯಿಯನ್ನು ಅಪ್ಪಿಕೊಂಡು ಡಬ್ಬಿ ಇಸ್ಕೊಂಡಳು. ಆಮೇಲೆ ಪರದೆಯನ್ನು ಇಳಿಸಿಕೊಂಡು, ನಿಲುವಂಗಿಯನ್ನು ಒಂದು ಕೈಯಲ್ಲಿ ಸ್ವಲ್ಪ ಎತ್ತಿ ಹಿಡಿದು ಬಸ್ಸು ಹತ್ತಿದಳು. ಎಲ್ಲೂ ಎಡವಲಿಲ್ಲ.

ಬಸ್ಸು ಹೋದ ಮೇಲೂ ಬೂಬಮ್ಮ ನಿಂತೇ ಇದ್ದರು. ಈಗಲಾದರೂ ಅವಳ ಮಾತು ನಂಬಿದಿರಾ ಎಂದು ನಾನು ಮೆಲ್ಲಗೆ ಕೇಳಿದೆ.

"ನಂಬ್ದೆ ಟೀಚರಮ್ಮ. ಅವಳೇ ಎತ್ತಿದ್ಲು, ಅವಳೇ ಇಳಿಸ್ಕೊಂಡ್ಲು, ನೋಡಿದ್ನಲ್ಲ. ಇನ್ನು ಸಂಕಟ ನಂದು. ಅದನ್ನ ಅವಳ ಮೇಲೆ ಹಾಕಲ್ಲ, ನನ್ನ ಹತ್ರಾನೇ ಇರ್ಲಿ."

ಹಾಗೆಂದು ಸೆರಗನ್ನು ಮುಂದಕ್ಕೆ ಎಳೆದುಕೊಂಡು ಮನೆಯ ಕಡೆ ಹೊರಟರು. ನಾವು ಬೀದಿಯ ತಿರುವಿಗೆ ಬಂದಾಗ, ಅಳತೆ ಕೊಡಲು ಬಂದ ಯಾವುದೋ ಹೊಸ ಮದುವಣಗಿತ್ತಿ ಅವರ ಬಾಗಿಲಲ್ಲಿ ಕಾಯುತ್ತಾ ನಿಂತಿದ್ದದ್ದು ನಮಗೆ ದೂರದಿಂದಲೇ ಕಂಡಿತು. ಜೊತೆಯಲ್ಲಿ ಅವಳ ಗಂಡನೂ ಇದ್ದ. ಬೂಬಮ್ಮ ಹತ್ತಿರ ಹೋದವರೇ ಹುಡುಗಿಯನ್ನು ಒಳಗೆ ಕರೆದುಕೊಂಡು, ಅವನನ್ನು ಹೊರಗೇ ಬಿಟ್ಟು ಬಾಗಿಲು ಹಾಕಿಕೊಂಡರು.